“ಹೋಗ್ಬುಟ್ಟು ಬತ್ತೀನಿ” ಎಂದು ಹೇಳಿ ಬಂದ ಮೇಲೆ: ವೃದ್ಧಾಶ್ರಮದ ಸೇವೆ, ನಂಬಿಕೆ ಮತ್ತು ಬೀಳ್ಕೊಡುವ ಮಾತು

ಶನಿವಾರದ ಸ್ವಯಂಸೇವಕಿ, ಮೈಸೂರು:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಆರು ವರ್ಷಗಳಿಂದ ಪ್ರತಿ ಶನಿವಾರ ಮಧ್ಯಾಹ್ನ ನಮ್ಮೂರಿನ ಒಂದು ವೃದ್ಧಾಶ್ರಮಕ್ಕೆ ಹೋಗುತ್ತಿದ್ದೇನೆ. ಪತ್ರಿಕೆ ಓದಿ ಹೇಳುವುದು, ತಲೆ ಬಾಚಿ ಜಡೆ ಹಾಕುವುದು, ಮಕ್ಕಳಿಗೆ ಫೋನ್ ಮಾಡಿಕೊಡುವುದು, ಇಷ್ಟೇ ನನ್ನ ಕೆಲಸ. ಕಳೆದ ತಿಂಗಳು ನಡೆದ ಒಂದು ಸಂಗತಿ ಮನಸ್ಸಿನಿಂದ ಇಳಿಯುತ್ತಿಲ್ಲ. ಇಂತಹ ಸೇವೆಯಲ್ಲಿರುವವರು ಇಲ್ಲಿ ಹಲವರಿದ್ದೀರಿ ಎಂದು ತಿಳಿದು ಬರೆಯುತ್ತಿದ್ದೇನೆ.

ಅಲ್ಲಿ ಕೊಳ್ಳೇಗಾಲದ ಕಡೆಯ ಒಬ್ಬ ಅಜ್ಜಿ ಇದ್ದರು. ಮಲೆ ಮಾದಪ್ಪನ ಒಕ್ಕಲು. ವಯಸ್ಸಿನಲ್ಲಿದ್ದಾಗ ಶಿವರಾತ್ರಿಗೆ ತಾಳಬೆಟ್ಟದಿಂದ ಬರಿಗಾಲಿನಲ್ಲಿ ಬೆಟ್ಟ ಹತ್ತಿದ್ದನ್ನು ಅವರು ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಹುಲಿಯ ಮೇಲೆ ಕುಳಿತ ಮಾದಪ್ಪನ ಚಿತ್ರವನ್ನು ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಮಂಚದ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದರು. ದಿಂಬಿನ ಕೆಳಗೆ ವಿಭೂತಿಯ ಗಟ್ಟಿ ಇರುತ್ತಿತ್ತು. ನಾನು ಹೊರಡುವಾಗ “ಹೋಗಿ ಬರ್ತೀನಿ ಅಜ್ಜಿ” ಎಂದರೆ ಅವರು ತಪ್ಪದೆ “ಹೂಂ ಕನವ್ವ, ಹೋಗ್ಬುಟ್ಟು ಬಾ” ಎನ್ನುತ್ತಿದ್ದರು.

ಕೊನೆಯ ಶನಿವಾರ ಅವರು ನನ್ನ ಕೈ ಹಿಡಿದು, “ನಾ ಹೋಯ್ತಾ ಇದ್ರೆ ಮಾದಪ್ಪ ನನ್ ಕೈಯ ಹಿಡ್ಕತಾನಾ ಕನವ್ವ?” ಎಂದು ಕೇಳಿದರು. ನನಗೆ ದೇವರ ವಿಷಯದಲ್ಲಿ ಅಷ್ಟು ಗಟ್ಟಿಯಾದ ನಂಬಿಕೆಯಿಲ್ಲ. ನಮ್ಮ ಮನೆಯ ದೇವರೂ ಬೇರೆ. ಆದರೂ ಕ್ಷಣವೂ ತಡಮಾಡದೆ “ಹಿಡ್ಕೊಳ್ತಾನೆ ಅಜ್ಜಿ” ಎಂದೆ. ಹೊರಡುವಾಗ ನಾನು ಎಂದಿನಂತೆ ಹೋಗಿ ಬರುತ್ತೇನೆ ಎಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು “ಹೋಗವ್ವ” ಎಂದಷ್ಟೇ ಹೇಳಿದರು. “ಬಾ” ಎನ್ನಲಿಲ್ಲ. ನಮ್ಮ ಮಾತಿನಲ್ಲಿ ಬರಿದೆ “ಹೋಗು” ಎನ್ನುವುದು ಎಷ್ಟು ಕಠಿಣವೆಂದು ನಿಮಗೆಲ್ಲ ಗೊತ್ತು. ಮಾತಿನ ಭರದಲ್ಲಿ ಮರೆತಿರಬೇಕೆಂದು ತಿಳಿದು ನಾನು ಬಸ್ಸು ಹತ್ತಿದೆ.

ಮುಂದಿನ ಶನಿವಾರ ಹೋದಾಗ ಹಾಸಿಗೆಯನ್ನು ಮಹಡಿಯ ಮೇಲೆ ಬಿಸಿಲಿಗೆ ಹಾಕಿದ್ದರು. ಮಂಚದ ಮೇಲೆ ರಬ್ಬರ್ ಶೀಟನ್ನು ಮಡಿಸಿ ಇಟ್ಟಿದ್ದರು. ಗೋಡೆಯಲ್ಲಿ ಮಾದಪ್ಪನ ಚಿತ್ರವಿದ್ದ ಜಾಗದ ನಾಲ್ಕು ಮೂಲೆಗಳಲ್ಲಿ ಅಂಟಿನ ಗುರುತು ಮಾತ್ರ ಉಳಿದಿತ್ತು. ಬುಧವಾರ ರಾತ್ರಿ ಹೋದರೆಂದೂ, ಗುರುವಾರ ಮಣ್ಣು ಮಾಡಿ ಆಯಿತೆಂದೂ ಆಯಾ ಹೇಳಿದರು. ಮೈಸೂರಿನಲ್ಲೇ ಇದ್ದ ನನಗೆ ಒಂದು ಫೋನ್ ಬರಲಿಲ್ಲ.

ನನ್ನ ಪ್ರಶ್ನೆಗಳು ಎರಡು. ನಾನೇ ನಂಬದ ಮಾತನ್ನು ಸಾಯುವವರಿಗೆ ಹೇಳಿದ್ದು ಸುಳ್ಳಾಯಿತೇ? ಸೂತಕವಿಲ್ಲದ, ತಿಥಿಯಿಲ್ಲದ, ಸಂಬಂಧಿಕರಲ್ಲಿ ಲೆಕ್ಕಕ್ಕಿಲ್ಲದ ನಮ್ಮಂಥವರು ಎಲ್ಲಿ, ಯಾವಾಗ, ಹೇಗೆ ವಿದಾಯ ಹೇಳಬೇಕು?

ನಿವೃತ್ತ ನರ್ಸ್, ಮಂಗಳೂರು:

ಅಕ್ಕ, ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಸರಿಪಡಿಸಬಹುದಾದ ಸಂಗತಿಯೊಂದಿದೆ. ಆಶ್ರಮದ ದಾಖಲೆಯಲ್ಲಿ ‘ತುರ್ತು ಸಂದರ್ಭದಲ್ಲಿ ತಿಳಿಸಬೇಕಾದವರು’ ಎಂಬಲ್ಲಿ ಮಗನದೋ ಸೊಸೆಯದೋ ಸಂಖ್ಯೆ ಮಾತ್ರ ಇರುತ್ತದೆ. ರಾತ್ರಿ ಪಾಳಿಯವರಿಗೆ ಶನಿವಾರ ಬರುವವರ ಗುರುತೇ ಇರುವುದಿಲ್ಲ. ಆಶ್ರಮದವರ ಒಪ್ಪಿಗೆ ಪಡೆದು, ಆ ಹಿರಿಯರ ಬಾಯಿಂದಲೇ ‘ಇವರಿಗೂ ತಿಳಿಸಿ’ ಎಂದು ಹೇಳಿಸಿ, ನಿಮ್ಮ ಹೆಸರನ್ನು ಆ ಪುಟದಲ್ಲಿ ಬರೆಸಿರಿ. ನಾನು ಕೆಲಸ ಮಾಡುತ್ತಿದ್ದ ಕಡೆ ಇದನ್ನು ರೂಢಿಗೆ ತಂದ ಮೇಲೆ, ವಾರಕ್ಕೊಮ್ಮೆ ಬರುತ್ತಿದ್ದ ಎಷ್ಟೋ ಮಂದಿ ಕೊನೆಯ ರಾತ್ರಿ ಬಂದು ಕುಳಿತರು.

ಬಂದು ಕುಳಿತವರು ಏನು ಮಾಡಬೇಕೆಂದೂ ಹೇಳಬೇಕು. ಕೊನೆಯ ದಿನಗಳಲ್ಲಿ ನುಂಗುವ ಶಕ್ತಿ ಹೋಗಿಬಿಡುತ್ತದೆ. ಪಾದಗಳು ತಣ್ಣಗಾಗುತ್ತವೆ. ಉಸಿರು ಒಮ್ಮೆ ಜೋರಾಗಿ, ಒಮ್ಮೆ ನಿಧಾನವಾಗಿ, ನಡುವೆ ನಿಂತೇ ಹೋಯಿತೇನೋ ಎನ್ನುವಂತೆ ನಡೆಯುತ್ತದೆ. ಆ ಹೊತ್ತಿನಲ್ಲಿ ಗಂಗಾಜಲವಾಗಲಿ, ತುಳಸಿ ತೀರ್ಥವಾಗಲಿ, ಜಮ್‌ಜಮ್ ನೀರಾಗಲಿ, ಚಮಚದಲ್ಲಿ ಬಾಯಿಗೆ ಸುರಿಯಬೇಡಿ. ನುಂಗಲಾರದವರಿಗೆ ಅದು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟುತ್ತದೆ. ಹತ್ತಿಯನ್ನು ಅದೇ ತೀರ್ಥದಲ್ಲಿ ಅದ್ದಿ, ಹಿಂಡಿ, ತುಟಿಗೂ ನಾಲಗೆಯ ತುದಿಗೂ ಸವರಿರಿ. ಅಷ್ಟರಿಂದ ಬಾಯಿಯೂ ತಂಪಾಗುತ್ತದೆ, ನಂಬಿಕೆಗೂ ಭಂಗವಾಗುವುದಿಲ್ಲ. ಇದನ್ನು ತಿಳಿಯದೆ ಪ್ರೀತಿಯಿಂದಲೇ ತೊಂದರೆ ಕೊಟ್ಟ ಮಕ್ಕಳನ್ನು ನಾನು ನೋಡಿದ್ದೇನೆ.

ಇನ್ನೊಂದು ಸಂಗತಿ. ಕಣ್ಣು ತೆರೆಯದವರಿಗೂ ಕಿವಿ ಕೇಳುತ್ತಿರುತ್ತದೆ ಎಂದು ನಮಗೆ ಹಿರಿಯ ನರ್ಸುಗಳು ಹೇಳಿಕೊಡುತ್ತಿದ್ದರು. ಕೆನಡಾದ ವ್ಯಾಂಕೂವರಿನ ಹಾಸ್ಪಿಸ್ ಒಂದರಲ್ಲಿ, ಅಂದರೆ ಗುಣವಾಗದ ಕಾಯಿಲೆಯವರನ್ನು ಕೊನೆಯವರೆಗೆ ಆರೈಕೆ ಮಾಡುವ ಕೇಂದ್ರದಲ್ಲಿ, ಕೊನೆಯ ಗಂಟೆಗಳಲ್ಲಿದ್ದವರ ಮಿದುಳಿನ ತರಂಗಗಳನ್ನು ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿಕ್ರಿಯೆ ನಿಂತುಹೋದ ಕೆಲವರ ಮಿದುಳು ಕೂಡ ಶಬ್ದಕ್ಕೆ ಸ್ಪಂದಿಸಿದ್ದು ಕಂಡುಬಂದಿತು. ಕೇಳಿದ್ದು ಅವರಿಗೆ ಅರ್ಥವಾಯಿತೇ ಎಂಬುದನ್ನು ಆ ಅಳತೆ ಹೇಳುವುದಿಲ್ಲ. ಆದರೆ ಮಂಚದ ಪಕ್ಕದಲ್ಲಿ ನಿಂತು ಆಸ್ತಿಯ ಮಾತಾಡಬಾರದೆಂಬುದಕ್ಕೆ ಅಷ್ಟು ಸಾಕು. ಹೆಸರು ಹಿಡಿದು ಕರೆದು, ನೀವು ಯಾರೆಂದು ಹೇಳಿ, ಹೇಳಬೇಕಾದುದನ್ನು ಹೇಳಿರಿ.

ನಾನು ಕೆಥೊಲಿಕ್. ನಮ್ಮಲ್ಲಿ ಪಾದ್ರಿಯವರು ಬಂದು ಹಣೆಗೂ ಕೈಗಳಿಗೂ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುತ್ತಾರೆ. ಹಿಂದೆ ಅದನ್ನು ಸಾವಿನ ಹೊಸ್ತಿಲಿನಲ್ಲಿ ಮಾತ್ರ ಕೊಡುವ ರೂಢಿಯಿದ್ದುದರಿಂದ, ಪಾದ್ರಿ ಬಂದರೆಂದರೆ ರೋಗಿಗಳು ಬೆಚ್ಚುತ್ತಿದ್ದರು. 1960ರ ದಶಕದಲ್ಲಿ ನಮ್ಮ ಧರ್ಮಸಭೆಯ ಹಿರಿಯರು ಸೇರಿ ನಡೆಸಿದ ಎರಡನೆಯ ವ್ಯಾಟಿಕನ್ ಪರಿಷತ್ತಿನ ನಂತರ ಕಾಯಿಲೆಯವರಿಗೂ ಮುಪ್ಪಿನಿಂದ ಬಳಲಿದವರಿಗೂ ಮುಂಚೆಯೇ ಕೊಡಬಹುದೆಂದಾಯಿತು. ಆದ್ದರಿಂದ ಸ್ವಯಂಸೇವಕರು ‘ಪಾದ್ರಿಯವರನ್ನು ಕರೆಸಲೇ’ ಎಂದು ಕೇಳಲು ಹಿಂಜರಿಯಬೇಕಾಗಿಲ್ಲ, ತೀರ ಕೊನೆಯವರೆಗೆ ಕಾಯಬೇಕಾಗಿಯೂ ಇಲ್ಲ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ವೃದ್ಧಾಶ್ರಮ ನಡೆಸುವ ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ ಎಂಬ ಸನ್ಯಾಸಿನಿಯರ ಸಭೆಯನ್ನು 1839ರಲ್ಲಿ ಫ್ರಾನ್ಸಿನ ಜಾನ್ ಜೂಗಾನ್ ಆರಂಭಿಸಿದಾಗ, ಕುರುಡು ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಸ್ವಂತ ಹಾಸಿಗೆಯನ್ನೇ ಬಿಟ್ಟುಕೊಟ್ಟಿದ್ದಳು. ಪ್ರಾಣ ಹೋಗುವವರನ್ನು ಒಂಟಿಯಾಗಿ ಬಿಡದೆ ಸರದಿಯ ಮೇಲೆ ಪಕ್ಕದಲ್ಲಿ ಕೂರುವುದು ಆ ಸಭೆಯವರ ನಡವಳಿಕೆ.

ನಂಬಿಕೆಯಿಲ್ಲದ ಸ್ವಯಂಸೇವಕ, ಧಾರವಾಡ:

ಮೈಸೂರಿನ ಮೇಡಂ ಅವರ ನೋವಿನಲ್ಲಿ ನನಗೂ ಪಾಲಿದೆ. ಆದರೆ ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ಬೇರೆ. ನೀವು ಹೇಳಿದ್ದು ಸುಳ್ಳು ಎಂದೇ ನನಗೆ ಅನ್ನಿಸುತ್ತದೆ. ಕರುಣೆಯಿಂದ ಹೇಳಿದ ಸುಳ್ಳಾದರೂ ಅದು ಸುಳ್ಳೇ. ಸಾಯುವ ಮನುಷ್ಯನಿಗೆ ಉಳಿದವರು ಕೊಡಬಹುದಾದ ಮರ್ಯಾದೆಯೆಂದರೆ ಅವನೊಡನೆ ನಿಜ ಮಾತಾಡುವುದು.

ನನ್ನ ಅನುಭವ ಹೇಳುತ್ತೇನೆ. ನಾನು ಹೋಗುತ್ತಿದ್ದ ಕಡೆ ರೈಲ್ವೆಯಿಂದ ನಿವೃತ್ತರಾದ ಅಜ್ಜನೊಬ್ಬರಿದ್ದರು. ನನ್ನ ಹಾಗೆಯೇ ದೇವರನ್ನು ಒಪ್ಪದವರು. “ತಮ್ಮಾ, ನನ್ನ ಹೆಣದ ಮುಂದ ಯಾರೂ ಮಂತ್ರ ಹೇಳಬಾರದು ನೋಡು” ಎಂದು ನನಗೆ ಮೂರು ಸಲ ಹೇಳಿದ್ದರು. ಅವರು ಸತ್ತ ದಿನ ಊರಿನಿಂದ ಬಂದ ಮಕ್ಕಳು ಸಕಲ ವಿಧಿಗಳನ್ನೂ ಮಾಡಿದರು. ನಾನು ಮೂಲೆಯಲ್ಲಿ ನಿಂತು ನೋಡಿದೆ. ಬಾಯಿ ಬಿಡಲು ನನಗೆ ಯಾವ ಅಧಿಕಾರವಿತ್ತು? ಆಮೇಲೆ ಓದಿ ತಿಳಿದುಕೊಂಡೆ. ಗುಣವಾಗುವ ಆಸೆಯಿಲ್ಲದಾಗ ಯಾವ ಚಿಕಿತ್ಸೆ ಬೇಡವೆಂದು ಮುಂಚೆಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದಿತು. ಆದರೆ ಅದು ಚಿಕಿತ್ಸೆಯ ಮಾತು. ಕಿವಿಯಲ್ಲಿ ಯಾವ ಹೆಸರು ಹೇಳಬೇಕು, ಹೂಳಬೇಕೋ ಸುಡಬೇಕೋ ಎಂಬುದನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಅದಕ್ಕೆಂದೇ ಆಶ್ರಮಗಳಲ್ಲಿ ಬೇರೊಂದು ಹಾಳೆ ಇರಬೇಕು, ಮಕ್ಕಳೂ ಅದಕ್ಕೆ ಸಹಿ ಹಾಕಿರಬೇಕು ಎಂಬುದು ನನ್ನ ಆಗ್ರಹ.

ಇನ್ನೂ ಒಂದು ಮಾತು. ಹುಟ್ಟುಹಬ್ಬದ ಊಟ ಹಾಕಿಸಲು ಬರುವವರು ಭಜನೆಯನ್ನೋ ಪ್ರಾರ್ಥನೆಯನ್ನೋ ಶುರುಮಾಡಿ, ಮಲಗಿದಲ್ಲಿಂದ ಏಳಲಾರದವರ ಕೈಯನ್ನೂ ಜೋಡಿಸಿ ಫೋಟೋ ತೆಗೆದುಕೊಳ್ಳುವುದನ್ನು ಕಂಡಾಗ ನನಗೆ ಬಹಳ ಸಂಕಟವಾಗುತ್ತದೆ.

ಕಲಬುರಗಿಯ ಓದುಗ:

ಧಾರವಾಡದ ಅಣ್ಣನವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನಂಬಿಕೆಯನ್ನು ಹೇರುವುದು ಬೇರೆ, ನಂಬಿಕೆಗೆ ದನಿ ಕೊಡುವುದು ಬೇರೆ. ನಮ್ಮಲ್ಲಿ, ಮುಸ್ಲಿಮರಲ್ಲಿ, ಪ್ರಾಣ ಹೋಗುವವರ ಪಕ್ಕದಲ್ಲಿ ಕುಳಿತು ಕಲಿಮವನ್ನು, ಅಂದರೆ ದೇವರೊಬ್ಬನೇ ಎಂಬ ನಂಬಿಕೆಯ ವಾಕ್ಯವನ್ನು, ಅವರಿಗೆ ಕೇಳಿಸುವಂತೆ ಮೆಲ್ಲಗೆ ಹೇಳುತ್ತಾರೆ. ಅದಕ್ಕೆ ತಲ್ಕೀನ್ ಎಂದು ಹೆಸರು. ‘ಹೇಳು, ಹೇಳು’ ಎಂದು ಒತ್ತಾಯಿಸಬಾರದೆಂಬ ಕಟ್ಟುನಿಟ್ಟಿದೆ. ಅವರು ಒಮ್ಮೆ ಹೇಳಿದರೆಂದರೆ ಮತ್ತೆ ಕೆಣಕಬಾರದು. ನಡುವೆ ಅವರು ಬೇರೆ ಮಾತಾಡಿದರೆ ಮಾತ್ರ, ಕೊನೆಯ ಮಾತು ಕಲಿಮವೇ ಆಗಲೆಂದು, ಇನ್ನೊಮ್ಮೆ ಮೆಲ್ಲಗೆ ನೆನಪಿಸಬಹುದು. ದಣಿದವರ ಮೇಲಿನ ಎಂಥ ಕಾಳಜಿ ಇದು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ನನ್ನ ತಾಯಿಯ ಸೋದರಮಾವ ಕೊನೆಗಾಲದಲ್ಲಿ ಒಂದು ಆರೈಕೆ ಕೇಂದ್ರದಲ್ಲಿದ್ದರು. ಒಂದು ಸಂಜೆ ಅಲ್ಲಿಗೆ ಬರುತ್ತಿದ್ದ ಸ್ವಯಂಸೇವಕಿ, ಕಾಲೇಜು ಓದುವ ಹಿಂದೂ ಹುಡುಗಿ, ಫೋನ್ ಮಾಡಿ “ಮಾಮೂ ಉಸಿರು ಬದಲಾಗೈತಿ, ಲಗೂನ ಬರ್ರಿ” ಎಂದಳು. ನಾನು ತಲುಪಲು ನಲವತ್ತು ನಿಮಿಷ ಬೇಕಿತ್ತು. “ನಾ ಫೋನ್ ಅವರ ಕಿವಿ ಹತ್ತಿರ ಹಿಡೀತೀನಿ, ನೀವು ಏನ್ ಹೇಳಬೇಕೋ ಹೇಳ್ರಿ” ಎಂದಳು. ಆಟೋದಲ್ಲಿ ಕುಳಿತು ನಾನು ಕಲಿಮ ಹೇಳುತ್ತ ಬಂದೆ. ನಾನು ಒಳಗೆ ಹೋದಾಗಲೂ ಅವಳು ಫೋನ್ ಹಿಡಿದೇ ನಿಂತಿದ್ದಳು, ಕೈ ನಡುಗುತ್ತಿತ್ತು. ಮಂಚವನ್ನು ಮಕ್ಕಾ ಇರುವ ಪಶ್ಚಿಮಕ್ಕೆ ಮುಖವಾಗುವಂತೆ ತಿರುಗಿಸಬೇಕೆ ಎಂದು ಮೊದಲೇ ಕೇಳಿ, ಆಯಾ ಜೊತೆ ಸೇರಿ ತಿರುಗಿಸಿದ್ದಳು. ಅವಳು ನಮ್ಮ ಧರ್ಮವನ್ನು ನಂಬಲಿಲ್ಲ, ನಂಬಿದ ಹಾಗೆ ನಟಿಸಲೂ ಇಲ್ಲ. ಮೈಸೂರಿನ ಅಕ್ಕ ಹೇಳಿದ “ಹಿಡ್ಕೊಳ್ತಾನೆ” ಎಂಬ ಮಾತನ್ನು ನಾನು ಆ ಹುಡುಗಿಯ ಕೈಯ ಫೋನಿನ ಹಾಗೆಯೇ ನೋಡುತ್ತೇನೆ.

ಶಿರಸಿ ಕಡೆಯ ಓದುಗರು:

ತಿಥಿಯಿಲ್ಲ, ಸೂತಕವಿಲ್ಲ ಎಂದು ಬರೆದಿದ್ದೀರಿ. ನಮ್ಮ ಮನೆಯಲ್ಲಿ ತರ್ಪಣ ಬಿಡುವಾಗ ಪಿತೃಗಳ ಹೆಸರುಗಳೆಲ್ಲ ಮುಗಿದ ಮೇಲೆ ಕೊನೆಗೊಂದು ಶ್ಲೋಕವಿದೆ: “ಯೇಷಾಂ ನ ಮಾತಾ ನ ಪಿತಾ”, ಯಾರಿಗೆ ತಾಯಿಯಿಲ್ಲವೋ, ತಂದೆಯಿಲ್ಲವೋ, ಮಿತ್ರರೂ ಬಂಧುಗಳೂ ಇಲ್ಲವೋ, ಅವರೆಲ್ಲರೂ ನಾನು ಬಿಟ್ಟ ಈ ನೀರಿನಿಂದ ತೃಪ್ತರಾಗಲಿ ಎಂದು ಅದರ ತಾತ್ಪರ್ಯ. ಮಹಾಲಯ ಪಕ್ಷದಲ್ಲಿ ಗುರುಗಳಿಗೆ, ಸ್ನೇಹಿತರಿಗೆ, ಆಶ್ರಯದಲ್ಲಿದ್ದವರಿಗೆ ಸಹ ಹೆಸರು ಹೇಳಿ ಬಿಡುವ ಪದ್ಧತಿಯಿದೆ. ಚಿಕ್ಕಂದಿನಲ್ಲಿ ನನಗೆ ಅದು ಕಡೆಗೆ ಉಳಿದ ಎಳ್ಳುನೀರನ್ನು ಮುಗಿಸುವ ಕ್ರಮದಂತೆ ಕಾಣುತ್ತಿತ್ತು. ವೃದ್ಧಾಶ್ರಮಕ್ಕೆ ಹೋಗಲು ತೊಡಗಿದ ಮೇಲೆ ಆ ಶ್ಲೋಕ ಬಂದಾಗ ನನಗೆ ಮುಖಗಳು ಕಾಣುತ್ತವೆ.

ನಿಮ್ಮ ಕಡೆ ತರ್ಪಣದ ರೂಢಿಯಿಲ್ಲದವರೂ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬವೆಂದು ಎಡೆ ಇಡುತ್ತಾರಲ್ಲವೇ. ಹೋದವರಿಗೆ ಇಷ್ಟವಾದುದನ್ನು ಮಾಡಿ ಬಡಿಸುತ್ತಾರೆ. ಅಜ್ಜಿಗೆ ಏನು ಇಷ್ಟವಾಗಿತ್ತೆಂಬುದು ಆರು ವರ್ಷ ಅವರ ತಲೆ ಬಾಚಿದ ನಿಮಗೆ ಗೊತ್ತಿರುತ್ತದೆ.

ಶನಿವಾರದ ಸ್ವಯಂಸೇವಕಿ, ಮೈಸೂರು:

ಗೊತ್ತಿದೆ. ಹುರಿಗಡಲೆ ಮತ್ತು ಬೆಲ್ಲ. ಹಲ್ಲಿರಲಿಲ್ಲವಾದ್ದರಿಂದ ನಾನು ಮಿಕ್ಸಿಯಲ್ಲಿ ಪುಡಿಮಾಡಿ ಡಬ್ಬಿಯಲ್ಲಿ ಕೊಂಡೊಯ್ಯುತ್ತಿದ್ದೆ. ಆ ಡಬ್ಬಿ ಇನ್ನೂ ಅಡುಗೆಮನೆಯ ಕಪಾಟಿನಲ್ಲಿದೆ.

ಧಾರವಾಡದವರು ಬರೆದುದನ್ನು ನಾನು ಎರಡು ಸಲ ಓದಿದೆ. ಸುಳ್ಳು ಎಂಬ ಮಾತು ಚುಚ್ಚಿತು, ಆದರೆ ಅದನ್ನು ತಳ್ಳಿಹಾಕಲು ಆಗಲಿಲ್ಲ. ಆ ಕ್ಷಣದಲ್ಲಿ “ಅಜ್ಜಿ, ನಿಮಗೆ ಏನನ್ನಿಸುತ್ತೆ?” ಎಂದು ಕೇಳಬಹುದಾಗಿತ್ತು. ಕೇಳಿದ್ದರೆ ಅವರು ತಾಳಬೆಟ್ಟದ ಕತೆಯನ್ನು ಮತ್ತೊಮ್ಮೆ ಹೇಳುತ್ತಿದ್ದರೋ ಏನೋ. ತಟ್ಟನೆ ಉತ್ತರ ಕೊಟ್ಟು ನಾನು ಅವರ ಮಾತನ್ನು ಅಲ್ಲಿಗೇ ಮುಗಿಸಿಬಿಟ್ಟೆ. ನನ್ನನ್ನು ನಿಜವಾಗಿ ಕಾಡುತ್ತಿರುವುದು ಸುಳ್ಳಿಗಿಂತ ಹೆಚ್ಚಾಗಿ ಈ ಅವಸರ ಎಂದು ಈಗ ತಿಳಿಯುತ್ತಿದೆ.

ಲಂಡನ್ ಹೊರವಲಯದ ಕನ್ನಡಿಗ:

ಇಲ್ಲಿ ನಾನು ಭಾನುವಾರಗಳಂದು ಒಂದು ಕೇರ್ ಹೋಮ್‌ಗೆ ಹೋಗುತ್ತೇನೆ. ಮೈಸೂರಿನವರ ಪ್ರಶ್ನೆಗೆ ಬಹಳ ಹತ್ತಿರದ ಒಂದು ಹಳೆಯ ಸಂಗತಿಯನ್ನು ಹೇಳಬೇಕೆನಿಸಿತು. ಇಂದಿನ ಹಾಸ್ಪಿಸ್ ಚಳವಳಿಗೆ ತಳಪಾಯ ಹಾಕಿದ ಸಿಸಿಲಿ ಸಾಂಡರ್ಸ್ ಆಗ ಆಸ್ಪತ್ರೆಯಲ್ಲಿ ರೋಗಿಗಳ ಯೋಗಕ್ಷೇಮ ನೋಡುವ ಕೆಲಸದಲ್ಲಿದ್ದರು. ವಾರ್ಸಾದಿಂದ ಬಂದು ಲಂಡನ್ನಿನ ಹೋಟೆಲಿನಲ್ಲಿ ಮಾಣಿಯಾಗಿದ್ದ ಡೇವಿಡ್ ತಾಸ್ಮಾ ಎಂಬ ಯೆಹೂದ್ಯ, ಹತ್ತಿರದವರು ಯಾರೂ ಇಲ್ಲದೆ ಕ್ಯಾನ್ಸರಿನಿಂದ ಸಾಯುತ್ತಿದ್ದ. ಸಿಸಿಲಿ ಅವನನ್ನು ಮತ್ತೆ ಮತ್ತೆ ಕಾಣಲು ಹೋಗುತ್ತಿದ್ದರು. ಸಮಾಧಾನವಾಗುವಂತಹ ಏನಾದರೂ ಹೇಳು ಎಂದು ಅವನು ಕೇಳಿದಾಗ, ಶ್ರದ್ಧಾವಂತ ಕ್ರೈಸ್ತರಾದ ಅವರು ಯೆಹೂದ್ಯರಿಗೂ ಕ್ರೈಸ್ತರಿಗೂ ಸಮಾನವಾದ, ಬೈಬಲಿನಲ್ಲಿರುವ ದಾವೀದನ 23ನೆಯ ಕೀರ್ತನೆಯನ್ನು ಬಾಯಿಪಾಠ ಹೇಳಿದರು. ಪುಸ್ತಕದಿಂದ ಇನ್ನಷ್ಟು ಓದಲೇ ಎಂದಾಗ ಅವನು ಬೇಡವೆಂದ. ಅವರ ಮನಸ್ಸಿನಲ್ಲೂ ಹೃದಯದಲ್ಲೂ ಇರುವುದಷ್ಟೇ ತನಗೆ ಬೇಕು ಎಂದ. 1948ರಲ್ಲಿ ಅವನು ತೀರಿಕೊಂಡಾಗ 500 ಪೌಂಡುಗಳನ್ನು ಅವರಿಗೆ ಬಿಟ್ಟು, ನೀವು ಕಟ್ಟುವ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಎಂದು ಹೇಳಿದ್ದ. ಆ ಮನೆ, ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಬಾಗಿಲು ತೆರೆದದ್ದು 1967ರಲ್ಲಿ. ನಡುವಿನ ಹತ್ತೊಂಬತ್ತು ವರ್ಷಗಳಲ್ಲಿ ಅವರು ಮೊದಲಿನಿಂದ ವೈದ್ಯಕೀಯ ಓದಿ ಡಾಕ್ಟರಾದರು. ದೇಹದ ನೋವು, ಮನಸ್ಸಿನ ನೋವು, ಮನೆಮಂದಿಯ ಚಿಂತೆ, ದೇವರ ಬಗೆಗಿನ ತಳಮಳ, ಇವು ಬೇರೆ ಬೇರೆಯಲ್ಲ, ಎಲ್ಲ ಸೇರಿ ಒಂದೇ ನೋವು ಎಂದು ಅವರು ಬರೆದರು. ಆ ಹಾಸ್ಪಿಸ್ ಎಲ್ಲ ನಂಬಿಕೆಯವರಿಗೂ, ಯಾವ ನಂಬಿಕೆಯೂ ಇಲ್ಲದವರಿಗೂ ತೆರೆದಿತ್ತು.

ಇದನ್ನು ಓದಿದಾಗಲೆಲ್ಲ ನನಗೆ ಅನ್ನಿಸುವುದು, ಅಜ್ಜಿ ಕೇಳಿದ್ದು ಮಾದಪ್ಪನ ಬಗ್ಗೆಯೇ ಆದರೂ ಹಿಡಿದದ್ದು ನಿಮ್ಮ ಕೈಯನ್ನು. ಆ ಕೈ ಸುಳ್ಳಾಗಿರಲಿಲ್ಲ.

2020ರಲ್ಲಿ ಸೋಂಕಿನ ಕಾರಣ ಇಲ್ಲಿ ಬಾಗಿಲುಗಳು ಮುಚ್ಚಿದಾಗ, ನಾನು ಕಿಟಕಿಯ ಗಾಜಿನ ಆಚೆ ನಿಂತು ಕೈಬೀಸಿ ಬಂದವರಲ್ಲಿ ನಾಲ್ವರನ್ನು ಮತ್ತೆ ನೋಡಲಿಲ್ಲ. ಅದರ ಬಗ್ಗೆ ಇನ್ನೂ ಬರೆಯುವ ಶಕ್ತಿ ನನಗಿಲ್ಲ.

ನಂಬಿಕೆಯಿಲ್ಲದ ಸ್ವಯಂಸೇವಕ, ಧಾರವಾಡ:

ಮೇಡಂ, ‘ಸುಳ್ಳು’ ಎಂಬ ಪದವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಅದನ್ನು ನಿಮಗೆ ಹೇಳಿದ ರೀತಿಗೆ ಕ್ಷಮೆ ಕೇಳುತ್ತೇನೆ. ಕಲಬುರಗಿಯವರು ಹೇಳಿದ ಆ ಹುಡುಗಿ ನನ್ನ ಜಾಗದಲ್ಲಿದ್ದಿದ್ದರೆ ರೈಲ್ವೆಯ ಅಜ್ಜನ ಮಕ್ಕಳನ್ನು ಒಂದು ಬದಿಗೆ ಕರೆದು, ಅವರಪ್ಪ ಹೇಳಿದ್ದನ್ನು ಮೆಲ್ಲಗೆ ತಿಳಿಸುತ್ತಿದ್ದಳು. ನಾನು ಅಧಿಕಾರವಿಲ್ಲವೆಂದು ಸುಮ್ಮನಿದ್ದೆ. ನಿಜ ಮಾತಾಡಬೇಕೆಂದು ನಿಮಗೆ ಹೇಳಿದ ನಾನು ಅಂದು ಆ ನಿಜವನ್ನು ನುಂಗಿಕೊಂಡಿದ್ದೆ.

ನಿವೃತ್ತ ನರ್ಸ್, ಮಂಗಳೂರು:

ಈಗಲೂ ತಡವಾಗಿಲ್ಲ ತಮ್ಮಾ. ಆ ಮಕ್ಕಳಿಗೆ ಒಂದು ಕಾಗದ ಬರೆಯಿರಿ. ಆಕ್ಷೇಪದ ಕಾಗದ ಬೇಡ. ಅವರಪ್ಪ ಕೊನೆಯ ವರ್ಷಗಳಲ್ಲಿ ಏನೇನು ಮಾತಾಡುತ್ತಿದ್ದರು, ಯಾವುದಕ್ಕೆ ನಗುತ್ತಿದ್ದರು ಎಂದು ಬರೆಯಿರಿ. ದೂರದಲ್ಲಿದ್ದ ಮಕ್ಕಳಿಗೆ ಅದು ಗೊತ್ತೇ ಇರುವುದಿಲ್ಲ, ಎಷ್ಟೋ ಮನೆಗಳಲ್ಲಿ ಅಂಥ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಶನಿವಾರದ ಸ್ವಯಂಸೇವಕಿ, ಮೈಸೂರು:

ಇವತ್ತು ಹೋಗಿ ಬಂದೆ. ಮೊದಲು ಆಫೀಸಿಗೆ ಹೋಗಿ, ದಾಖಲೆಯ ಪುಟದಲ್ಲಿ ಸ್ವಯಂಸೇವಕರ ಹೆಸರು ಬರೆಯುವ ವಿಷಯ ಮಾತಾಡಿದೆ. ಹಿರಿಯರು ತಾವೇ ಹೇಳಿದರೆ ಬರೆದುಕೊಳ್ಳುತ್ತೇವೆಂದು ಒಪ್ಪಿದರು. ಕೊನೆಗಾಲದಲ್ಲಿ ಯಾರಿಗೆ ಯಾವ ವಿಧಿ ಬೇಕು, ಯಾರಿಗೆ ಯಾವುದೂ ಬೇಡ ಎಂದು ಕೇಳಿ ಬರೆದಿಡುವ ಹಾಳೆಯ ಬಗ್ಗೆ ಮಾತ್ರ, ಮಕ್ಕಳ ಜೊತೆ ಜಗಳವಾದೀತೆಂದು ಹಿಂಜರಿದರು. ಇನ್ನೊಮ್ಮೆ ಕೇಳುತ್ತೇನೆ.

ಅಜ್ಜಿಯ ಪಕ್ಕದ ಮಂಚದವರು ನಂಜನಗೂಡಿನ ಕಡೆಯವರು. ಅಷ್ಟಾಗಿ ಮಾತಾಡುವವರಲ್ಲ. ನಾನು ಆ ಗೋಡೆಯನ್ನೇ ನೋಡುತ್ತಿದ್ದಾಗ ಅವರಾಗಿಯೇ ಹೇಳಿದರು. ಬುಧವಾರ ಬೆಳಿಗ್ಗೆ ಅಜ್ಜಿ “ಇವತ್ತು ಯಾವ ವಾರ?” ಎಂದು ಕೇಳಿದರಂತೆ. ಬುಧವಾರ ಎಂದಾಗ, “ಸನಿವಾರ ದೂರ ಆಯ್ತದೆ ಬುಡು” ಎಂದರಂತೆ. ಮಾದಪ್ಪನ ಚಿತ್ರವನ್ನು ಬಿಡಿಸಿ ತೆಗೆದದ್ದು ಇವರೇ. ಮಣ್ಣು ಮಾಡಲು ಕೊಂಡೊಯ್ಯುವಾಗ ವಿಭೂತಿಯ ಗಟ್ಟಿಯ ಜೊತೆ ಮಡಿಲಿಗೆ ಹಾಕಿ ಕಳಿಸಿದರಂತೆ. ನಾನು ಅಲ್ಲಿ ಕುಳಿತು ಅತ್ತೆ. ಅವರು ಸುಮ್ಮನೆ ಪಕ್ಕದಲ್ಲಿದ್ದರು.

ಆಮೇಲೆ ಎರಡೂ ಕೈಗಳನ್ನು ಮುಂದೆ ಚಾಚಿ, “ಉಗುರು ಬೆಳೆದವೆ, ತಗ್ದುಕೊಡು” ಎಂದರು. ಸಕ್ಕರೆ ಕಾಯಿಲೆ ಇರುವವರಾದ್ದರಿಂದ ನರ್ಸನ್ನು ಕೇಳಿದೆ. ಕೈಯ ಉಗುರು ತೆಗೆಯಬಹುದು, ಕಾಲಿನದು ಬೇಡ ಎಂದರು. ನಾನು ನೇಲ್ ಕಟರ್ ತೆಗೆಯುವಷ್ಟರಲ್ಲಿ ಅವರೇ ಕೈ ಹಿಂದಕ್ಕೆ ಎಳೆದುಕೊಂಡು, “ಅಯ್ಯೋ, ಇವತ್ತು ಸನಿವಾರ ಅಲ್ವಾ, ಉಗುರು ತಗೀಬಾರ್ದು” ಎಂದರು. ಹಾಗಾದರೆ ಮುಂದಿನ ವಾರ ಎಂದು ಹೇಳಲು ಹೊರಟವಳು ತಡೆದುಕೊಂಡು, “ಯಾವಾಗ ತೆಗೀಲಿ ಹೇಳಿ” ಎಂದು ಕೇಳಿದೆ. “ನಾಳೀಕೆ ಬಾ” ಎಂದರು.

ನಾಳೆ ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಹೊರಡುತ್ತೇನೆ. ಹುರಿಗಡಲೆ ಪುಡಿಯ ಡಬ್ಬಿಯನ್ನೂ ತೊಳೆದು ತುಂಬಿಸಿಟ್ಟಿದ್ದೇನೆ, ಬೆಲ್ಲ ಹಾಕಿಲ್ಲ.